ವಿಕಿರಣ ರಕ್ಷಾಕವಚ: ಶಸ್ತ್ರಚಿಕಿತ್ಸಾ ಕೊಠಡಿಯ ಮಹಿಳೆಯರು ತಿಳಿದಿರಬೇಕಾದ ಸಂಗತಿಗಳು

ಅಡಿಕೆ ಕೊಯ್ಲಿನ ದಿನಗಳಲ್ಲಿ ಮರದಿಂದ ಬಿದ್ದು ಆಸ್ಪತ್ರೆ ಸೇರುವವರ ಸುದ್ದಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗೆ ಹೊಸತಲ್ಲ. ಶಿರಸಿ ತಾಲ್ಲೂಕಿನ ಇಸಳೂರಿನಂತಹ ಊರಿನ ತೋಟದಲ್ಲಿ ಕೊನೆಗೌಡನೊಬ್ಬ ಮರದಿಂದ ಜಾರಿ ತೊಡೆಯ ಮೂಳೆ ಮುರಿದುಕೊಂಡನೆಂದು ಭಾವಿಸೋಣ. ಶಿರಸಿಯಲ್ಲಾಗಲಿ, ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಯಲ್ಲಾಗಲಿ ಅವನ ಮೂಳೆಗೆ ಸರಳು ತೂರಿಸುವಾಗ ವೈದ್ಯರು ಮತ್ತೆ ಮತ್ತೆ ಕ್ಷ-ಕಿರಣದ ಚಿತ್ರವನ್ನು ಪರದೆಯ ಮೇಲೆ ನೋಡಬೇಕಾಗುತ್ತದೆ. ರೋಗಿಗೆ ಈ ಕಿರಣದ ಸಂಪರ್ಕ ಬಹುಶಃ ಜೀವಮಾನದಲ್ಲಿ ಒಮ್ಮೆ. ಆದರೆ ಮೇಜಿನ ಪಕ್ಕ ನಿಂತ ಶಸ್ತ್ರವೈದ್ಯೆ, ಉಪಕರಣ ಕೊಡುವ ದಾದಿ, ತಲೆಯ ಬಳಿ ಕುಳಿತ ಅರಿವಳಿಕೆ ತಜ್ಞೆ, ಯಂತ್ರ ನಡೆಸುವ ತಂತ್ರಜ್ಞೆ ಇವರಿಗೆ ಅದು ದಿನನಿತ್ಯದ ಒಡನಾಟ.

ಉತ್ತರ ಕನ್ನಡದ ಜನರಿಗೆ 'ವಿಕಿರಣ' ಎಂಬ ಪದ ಅಪರಿಚಿತವೇನಲ್ಲ. ಕಾರವಾರ ತಾಲ್ಲೂಕಿನ ಕೈಗಾದಲ್ಲಿ ಅಣುಸ್ಥಾವರ ಬರುವುದೆಂದಾಗ ಎಂಬತ್ತರ ದಶಕದಲ್ಲಿ ಜಿಲ್ಲೆ ಎದ್ದು ನಿಂತಿತ್ತು. ಡಾ. ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಗೆ ಇಲ್ಲಿಂದಲೇ ಸ್ಪರ್ಧಿಸಿದ್ದರು. 2000ದಲ್ಲಿ ಸ್ಥಾವರದ ಮೊದಲ ಎರಡು ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಅಂದಿನಿಂದ ಇಂದಿನವರೆಗೆ ವಿಕಿರಣದ ಮಾತು ಬಂದಾಗಲೆಲ್ಲ ಬೆರಳು ಕೈಗಾದ ಕಡೆಗೇ ತೋರುತ್ತದೆ. ಆದರೆ ಅದೇ ಜಿಲ್ಲೆಯ, ಅದೇ ರಾಜ್ಯದ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಬಿಡಿಬಿಡಿಯಾಗಿ, ಸದ್ದಿಲ್ಲದೆ ಬಳಕೆಯಾಗುವ ವಿಕಿರಣದ ಬಗ್ಗೆ, ಅದರಲ್ಲಿಯೂ ಅಲ್ಲಿ ದುಡಿಯುವ ಮಹಿಳೆಯರ ರಕ್ಷಣೆಯ ಬಗ್ಗೆ, ಚರ್ಚೆ ನಡೆದದ್ದು ವಿರಳ.

ಸಿ-ಆರ್ಮ್ ಮತ್ತು ಚದುರಿದ ಕಿರಣ

ಶಸ್ತ್ರಚಿಕಿತ್ಸೆಯ ನಡುವೆ ಚಲಿಸುವ ಕ್ಷ-ಕಿರಣ ಚಿತ್ರವನ್ನು ಒದಗಿಸುವ ಯಂತ್ರಕ್ಕೆ ಸಿ-ಆರ್ಮ್ ಎಂದು ಹೆಸರು. ಇಂಗ್ಲಿಷಿನ 'ಸಿ' ಅಕ್ಷರದಂತೆ ಬಾಗಿದ ಅದರ ತೋಳಿನ ಒಂದು ತುದಿಯಲ್ಲಿ ಕಿರಣ ಹೊಮ್ಮಿಸುವ ಕೊಳವೆಯೂ, ಇನ್ನೊಂದು ತುದಿಯಲ್ಲಿ ಚಿತ್ರ ಗ್ರಹಿಸುವ ಭಾಗವೂ ಇರುತ್ತವೆ. ಮೂಳೆ ಜೋಡಣೆ, ಬೆನ್ನುಹುರಿಯ ಶಸ್ತ್ರಚಿಕಿತ್ಸೆ, ಮೂತ್ರಪಿಂಡದ ಕಲ್ಲು ತೆಗೆಯುವಿಕೆ ಮುಂತಾದೆಡೆ ಇದರ ಬಳಕೆಯಿದೆ. ಹೃದಯದ ರಕ್ತನಾಳಗಳಿಗೆ ಸ್ಟೆಂಟ್ ಅಳವಡಿಸುವ ಕ್ಯಾಥ್ ಲ್ಯಾಬ್‌ನಲ್ಲಿಯೂ ಇದೇ ತತ್ವದ ದೊಡ್ಡ ಯಂತ್ರವಿರುತ್ತದೆ.

ಕೊಠಡಿಯಲ್ಲಿರುವವರಿಗೆ ಅಪಾಯ ಬರುವುದು ಬಹುಮಟ್ಟಿಗೆ ನೇರ ಕಿರಣದಿಂದಲ್ಲ. ಕಿರಣವು ರೋಗಿಯ ದೇಹಕ್ಕೆ ತಾಗಿ, ಅಲ್ಲಿಂದ ಎಲ್ಲ ದಿಕ್ಕಿಗೂ ಚದುರುತ್ತದೆ. ಹೀಗೆ ಚದುರಿದ ಕಿರಣವೇ ಸಿಬ್ಬಂದಿಯನ್ನು ಮುಟ್ಟುವುದು. ಕೊಳವೆ ಇರುವ ಬದಿಯಲ್ಲಿ ಚದುರುವಿಕೆ ಹೆಚ್ಚು, ಚಿತ್ರ ಗ್ರಹಿಸುವ ಬದಿಯಲ್ಲಿ ಕಡಿಮೆ. ಆದ್ದರಿಂದಲೇ ಕೊಳವೆಯನ್ನು ಮೇಜಿನ ಕೆಳಗಿರಿಸಬೇಕೆಂದೂ, ಅಡ್ಡಡ್ಡಲಾಗಿ ಚಿತ್ರ ತೆಗೆಯುವಾಗ ಗ್ರಾಹಕದ ಬದಿಗೆ ನಿಲ್ಲಬೇಕೆಂದೂ ತಜ್ಞರು ಹೇಳುತ್ತಾರೆ. ದೂರ ಇಮ್ಮಡಿಯಾದರೆ ಪ್ರಮಾಣ ಸುಮಾರು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಸಮಯ ಕಡಿಮೆ ಮಾಡು, ದೂರ ಹೆಚ್ಚಿಸು, ಮರೆ ಇರಿಸು ಎಂಬ ಮೂರು ಮಾತುಗಳು ವಿಕಿರಣ ರಕ್ಷಣೆಯ ಮೂಲಸೂತ್ರ. ಶಸ್ತ್ರವೈದ್ಯೆಗೆ ಮೇಜು ಬಿಟ್ಟು ದೂರ ಹೋಗುವ ಅವಕಾಶವಿಲ್ಲವಾದ್ದರಿಂದ ಆಕೆಯ ಪಾಲಿಗೆ ಮೂರನೆಯ ಸೂತ್ರವೇ ಮುಖ್ಯವಾಗುತ್ತದೆ. ಆ ಮರೆಯೇ ಸೀಸದ ಏಪ್ರನ್.

ಇತಿಹಾಸದ ಪಾಠ

ವಿಲ್ಹೆಲ್ಮ್ ರಾಂಟ್‌ಜನ್ 1895ರ ನವೆಂಬರ್ 8ರಂದು ಕ್ಷ-ಕಿರಣವನ್ನು ಕಂಡುಹಿಡಿದನು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವನು ತೆಗೆದ ಪ್ರಸಿದ್ಧ ಚಿತ್ರ ಅವನ ಪತ್ನಿಯ ಕೈಯದು. ಮೊದಲ ವರ್ಷಗಳಲ್ಲಿ ಈ ಕಿರಣದಿಂದ ಕೆಡುಕಾದೀತೆಂಬ ಎಚ್ಚರ ಹೆಚ್ಚಿನವರಿಗೆ ಇರಲಿಲ್ಲ. ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿ 1904ರಲ್ಲಿ ತೀರಿಕೊಂಡನು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕ್ಷ-ಕಿರಣ ಚಿತ್ರಣಕ್ಕೆ ಹೆಸರಾಗಿದ್ದ ಎಲಿಜಬೆತ್ ಫ್ಲೈಷ್‌ಮನ್ ಎಂಬ ಮಹಿಳೆ 1905ರಲ್ಲಿ ವಿಕಿರಣಜನ್ಯ ಕ್ಯಾನ್ಸರಿಗೆ ಬಲಿಯಾದರು. ಮೊದಲ ಮಹಾಯುದ್ಧದಲ್ಲಿ ಸಂಚಾರಿ ಕ್ಷ-ಕಿರಣ ವಾಹನಗಳನ್ನು ರಣರಂಗದತ್ತ ಒಯ್ದ ಮೇರಿ ಕ್ಯೂರಿ 1934ರಲ್ಲಿ ಅಸ್ಥಿಮಜ್ಜೆಯ ಕಾಯಿಲೆಯಿಂದ ಮೃತರಾದರು. ಜರ್ಮನಿಯ ಹ್ಯಾಂಬರ್ಗ್‌ನ ಆಸ್ಪತ್ರೆಯೊಂದರ ಆವರಣದಲ್ಲಿ 1936ರಲ್ಲಿ ಇಂತಹ ಹುತಾತ್ಮರ ಸ್ಮಾರಕವನ್ನು ನಿಲ್ಲಿಸಲಾಯಿತು. ಆರಂಭದಲ್ಲಿಯೇ ಅದರ ಮೇಲೆ 169 ಹೆಸರುಗಳಿದ್ದವು.

ರಕ್ಷಣೆಯಿಂದ ಪ್ರಯೋಜನವುಂಟು ಎಂಬುದಕ್ಕೂ ಇತಿಹಾಸವೇ ಸಾಕ್ಷಿ. ಅಮೆರಿಕದ ಕ್ಷ-ಕಿರಣ ತಂತ್ರಜ್ಞರನ್ನು ದೀರ್ಘಕಾಲ ಗಮನಿಸಿದ ಅಧ್ಯಯನದಲ್ಲಿ, 1940ಕ್ಕೂ ಮುನ್ನ ಕೆಲಸಕ್ಕೆ ಸೇರಿದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರಿನ ಸಾವು ಹೆಚ್ಚಾಗಿದ್ದುದು ಕಂಡುಬಂತು. ಪ್ರಮಾಣಗಳು ಇಳಿದ ನಂತರದ ದಶಕಗಳಲ್ಲಿ ಸೇರಿದವರಲ್ಲಿ ಆ ಹೆಚ್ಚಳ ತಗ್ಗಿತು.

ಏಪ್ರನ್ ಹೇಗೆ ತಡೆಯುತ್ತದೆ?

ಸೀಸವು ಭಾರವಾದ, ಸಾಂದ್ರವಾದ ಲೋಹ. ಕ್ಷ-ಕಿರಣಗಳನ್ನು ಹೀರಿಕೊಳ್ಳುವ ಶಕ್ತಿ ಅದಕ್ಕೆ ಹೆಚ್ಚು. ಸೀಸದ ಪುಡಿಯನ್ನು ರಬ್ಬರ್ ಅಥವಾ ವಿನೈಲ್‌ನೊಂದಿಗೆ ಬೆರೆಸಿ ಹಾಳೆ ಮಾಡಿ, ಬಟ್ಟೆಯ ಹೊದಿಕೆಯೊಳಗಿಟ್ಟು ಹೊಲಿದರೆ ಏಪ್ರನ್ ಸಿದ್ಧವಾಗುತ್ತದೆ. ಇತ್ತೀಚಿನ ಹಗುರ ಏಪ್ರನ್‌ಗಳಲ್ಲಿ ಸೀಸದ ಬದಲಿಗೆ ಆಂಟಿಮನಿ, ತವರ, ಬಿಸ್ಮತ್, ಟಂಗ್‌ಸ್ಟನ್ ಮುಂತಾದ ಲೋಹಗಳನ್ನು ಬಳಸುವುದುಂಟು. ವಸ್ತು ಯಾವುದೇ ಇರಲಿ, ಅದರ ಸಾಮರ್ಥ್ಯವನ್ನು ಅಳೆಯುವುದು 'ಸೀಸದ ಸಮಾನ ದಪ್ಪ' ಎಂಬ ಅಳತೆಯಿಂದ. 0.25, 0.35 ಮತ್ತು 0.5 ಮಿಲಿಮೀಟರ್ ಎಂಬ ಮೂರು ಬಗೆಗಳು ಹೆಚ್ಚಾಗಿ ಬಳಕೆಯಲ್ಲಿವೆ. ಯಂತ್ರದ ವೋಲ್ಟೇಜನ್ನು ಅವಲಂಬಿಸಿ ವ್ಯತ್ಯಾಸವಿದ್ದರೂ, 0.25 ಮಿಲಿಮೀಟರ್ ಕವಚವು ಚದುರಿದ ಕಿರಣದ ಸುಮಾರು ಶೇ 90ರಷ್ಟನ್ನೂ, 0.5 ಮಿಲಿಮೀಟರ್ ಕವಚವು ಶೇ 95ಕ್ಕಿಂತ ಹೆಚ್ಚನ್ನೂ ತಡೆಯುತ್ತದೆ ಎನ್ನಬಹುದು.

ಇದಕ್ಕೆ ತೆರಬೇಕಾದ ಬೆಲೆ ಭಾರ. ಹಲವು ಕಿಲೋಗ್ರಾಂ ತೂಗುವ ಒಂದೇ ತುಂಡಿನ ಏಪ್ರನ್ ಪೂರ್ತಿ ಹೆಗಲ ಮೇಲೆ ನಿಲ್ಲುತ್ತದೆ. ಅದನ್ನು ತೊಟ್ಟು ಗಂಟೆಗಟ್ಟಲೆ ನಿಲ್ಲುವವರಿಗೆ ಕತ್ತು, ಬೆನ್ನು ನೋವು ಸಾಮಾನ್ಯ. ಇದಕ್ಕೆ ಪರಿಹಾರವಾಗಿ ಮೇಲಂಗಿ ಮತ್ತು ಲಂಗ ಎಂಬ ಎರಡು ತುಂಡುಗಳ ಉಡುಪು ಬಂದಿದೆ. ಇದರಲ್ಲಿ ಲಂಗದ ಭಾರ ಸೊಂಟದ ಮೇಲೆ ಬೀಳುವುದರಿಂದ ಹೆಗಲಿಗೆ ಹಗುರ. ಮುಂಭಾಗದಲ್ಲಿ ಎರಡು ಪದರಗಳು ಒಂದರ ಮೇಲೊಂದು ಬರುವಂತಿದ್ದರೆ 0.25 ಮಿಲಿಮೀಟರ್ ದಪ್ಪವು ಎದೆಯ ಮೇಲೆ 0.5 ಆಗುತ್ತದೆ. ಬೆನ್ನಿಗೂ ರಕ್ಷಣೆ ಇರುವುದರಿಂದ, ಕೆಲಸದ ನಡುವೆ ಆಗಾಗ ತಿರುಗುವ ದಾದಿಯರಿಗೆ ಇದು ಹೆಚ್ಚು ಸೂಕ್ತ.

ಕಂಕುಳಲ್ಲಿ ತೆರೆದ ಬಾಗಿಲು

ಇಲ್ಲಿಯವರೆಗಿನ ವಿವರ ಗಂಡಸರಿಗೂ ಹೆಂಗಸರಿಗೂ ಸಮಾನ. ವ್ಯತ್ಯಾಸ ಬರುವುದು ಇಲ್ಲಿಂದ ಮುಂದೆ. ರೂಢಿಯಲ್ಲಿರುವ ಏಪ್ರನ್‌ಗೆ ತೋಳಿಲ್ಲ. ಕೈಯಾಡಿಸಲು ಅನುಕೂಲವಾಗಲೆಂದು ಅದರ ಕಂಕುಳ ಭಾಗವನ್ನು ಅಗಲವಾಗಿ ಕತ್ತರಿಸಿರುತ್ತಾರೆ. ತೋಳನ್ನು ಮುಂದಕ್ಕೆ ಚಾಚಿದಾಗ ಅಥವಾ ಮೇಲಕ್ಕೆತ್ತಿದಾಗ ಆ ಕಂಡಿ ಇನ್ನಷ್ಟು ತೆರೆಯುತ್ತದೆ. ಗಂಡಸಿನ ಅಳತೆಗೆ ಹೊಲಿದ ದೊಡ್ಡ ಏಪ್ರನ್ನನ್ನು ಸಣ್ಣ ಮೈಕಟ್ಟಿನ ಮಹಿಳೆ ತೊಟ್ಟರೆ ಕಂಡಿ ಮತ್ತೂ ದೊಡ್ಡದು.

ಮಹಿಳೆಯ ದೇಹರಚನೆಯಲ್ಲಿ ಆ ಕಂಡಿಯ ನೇರಕ್ಕೆ ಬರುವುದು ಸ್ತನದ ಮೇಲಿನ ಹೊರಭಾಗ. ಸ್ತನದ ಅಂಗಾಂಶವು ಎದೆಯ ಮುಂಭಾಗಕ್ಕೆ ಸೀಮಿತವಲ್ಲ, ಅದು ಕಂಕುಳಿನವರೆಗೂ ಚಾಚಿಕೊಂಡಿರುತ್ತದೆ. ಸ್ತನ ಕ್ಯಾನ್ಸರ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹುಟ್ಟುವುದೂ ಇದೇ ಮೇಲಿನ ಹೊರಭಾಗದಲ್ಲಿ. ಎಂದರೆ, ಎಲ್ಲಿ ರಕ್ಷಣೆ ಅತ್ಯಂತ ಅಗತ್ಯವೋ ಅಲ್ಲಿಯೇ ಕವಚದಲ್ಲಿ ತೂತು ಬಿದ್ದಿದೆ.

ಸ್ತನದ ಅಂಗಾಂಶ ವಿಕಿರಣಕ್ಕೆ ಬಹಳ ಬೇಗ ಸ್ಪಂದಿಸುತ್ತದೆ ಎಂಬುದು ಜಪಾನಿನ ಅಣುಬಾಂಬ್ ದಾಳಿಯಲ್ಲಿ ಬದುಕುಳಿದವರ ದೀರ್ಘಕಾಲದ ಅಧ್ಯಯನದಿಂದ ದೃಢಪಟ್ಟ ಸಂಗತಿ. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗವು ದೇಹದ ಒಂದೊಂದು ಅಂಗಕ್ಕೂ ಅದರ ಸೂಕ್ಷ್ಮತೆಗೆ ತಕ್ಕ ಅಂಕವನ್ನು ನೀಡುತ್ತದೆ. 2007ರ ಶಿಫಾರಸಿನಲ್ಲಿ ಸ್ತನದ ಅಂಕವನ್ನು 0.05ರಿಂದ 0.12ಕ್ಕೆ ಏರಿಸಲಾಯಿತು. ಅಸ್ಥಿಮಜ್ಜೆ, ಶ್ವಾಸಕೋಶ, ಜಠರಗಳಿಗೆ ಇರುವುದೂ ಇದೇ ಅಂಕ. ನಿಯಮದ ಪುಸ್ತಕದಲ್ಲಿ ಸ್ತನದ ಮಹತ್ವ ಇಮ್ಮಡಿಗೂ ಮೀರಿ ಏರಿತು, ಆದರೆ ಏಪ್ರನ್ನಿನ ಕತ್ತರಿಕೆ ಮಾತ್ರ ಹೆಚ್ಚಿನೆಡೆ ಹಳೆಯದೇ ಉಳಿಯಿತು.

ಅಧ್ಯಯನಗಳು ಏನು ಹೇಳುತ್ತವೆ?

ಅಮೆರಿಕದ ಮಹಿಳಾ ಮೂಳೆ ಶಸ್ತ್ರವೈದ್ಯರ ಸಮೀಕ್ಷೆಯೊಂದು 2012ರಲ್ಲಿ ಪ್ರಕಟವಾಯಿತು. ಹೋಲಿಕೆಗೆ ತೆಗೆದುಕೊಂಡ ಸಾಮಾನ್ಯ ಮಹಿಳೆಯರಿಗಿಂತ ಇವರಲ್ಲಿ ಸ್ತನ ಕ್ಯಾನ್ಸರ್ ಸುಮಾರು ಮೂರು ಪಟ್ಟಿನ ಹತ್ತಿರವಿದ್ದುದು ಅದರಲ್ಲಿ ಕಂಡುಬಂತು. ಈ ಅಂಕಿಯನ್ನು ಎಚ್ಚರದಿಂದ ಓದಬೇಕು. ಅದು ಪ್ರಶ್ನಾವಳಿಗೆ ಉತ್ತರಿಸಿದವರನ್ನು ಆಧರಿಸಿದ ಸಮೀಕ್ಷೆ. ತಡವಾಗಿ ಮಗುವನ್ನು ಹೆರುವುದು, ಪದೇ ಪದೇ ತಪಾಸಣೆ ಮಾಡಿಸಿಕೊಳ್ಳುವುದು ಮುಂತಾದ ಬೇರೆ ಕಾರಣಗಳೂ ವೈದ್ಯೆಯರ ಸಂಖ್ಯೆಯನ್ನು ಏರಿಸಬಲ್ಲವು. ವಿಕಿರಣವೇ ಕಾರಣವೆಂದು ಅದು ಸಾಧಿಸಿಲ್ಲ.

ಆದರೆ 2016ರಲ್ಲಿ ಮೂಳೆ ಶಸ್ತ್ರಚಿಕಿತ್ಸಾ ನಿಯತಕಾಲಿಕದಲ್ಲಿ ಬಂದ ಇನ್ನೊಂದು ಅಧ್ಯಯನವನ್ನು ಹಾಗೆ ತಳ್ಳಿಹಾಕುವಂತಿಲ್ಲ. ಅದರಲ್ಲಿ ಸ್ತ್ರೀದೇಹದ ಪ್ರತಿಕೃತಿಗೆ ಏಪ್ರನ್ ತೊಡಿಸಿ, ಸಿ-ಆರ್ಮ್ ಪಕ್ಕದಲ್ಲಿ ನಿಲ್ಲಿಸಿ, ಸ್ತನದ ಬೇರೆ ಬೇರೆ ಭಾಗಗಳಲ್ಲಿ ಮಾಪಕಗಳನ್ನಿರಿಸಿ ಅಳೆಯಲಾಯಿತು. ಮೇಲಿನ ಹೊರಭಾಗಕ್ಕೇ ಹೆಚ್ಚು ವಿಕಿರಣ ತಲುಪಿತ್ತು. ಕಿರಣವನ್ನು ಅಡ್ಡಲಾಗಿ ಹಾಯಿಸಿದಾಗ ಪ್ರಮಾಣ ಇನ್ನೂ ಹೆಚ್ಚಿತ್ತು. ಇಲ್ಲಿ ಮಾಪಕ ಹೇಳುವುದು ರೋಗದ ಮಾತನ್ನಲ್ಲ, ಉಡುಪಿನ ಮಾತನ್ನು. ಆ ಉಡುಪು ಸಾಲದು. 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಲ್ಲಿನ ಶಸ್ತ್ರವೈದ್ಯೆಯರು ಲೇಖನ ಬರೆದು, ಸ್ತನ ಮತ್ತು ಕಂಕುಳನ್ನು ಮುಚ್ಚುವ ಕವಚ ಪ್ರತಿ ಆಸ್ಪತ್ರೆಯಲ್ಲಿಯೂ ಇರಬೇಕೆಂದು ಒತ್ತಾಯಿಸಿದರು.

ನಮ್ಮ ರಾಜ್ಯಕ್ಕೆ ಇದು ದೂರದ ಮಾತಲ್ಲ. ಬೆಂಗಳೂರಿನ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿಯಲ್ಲಿ ಮಹಿಳೆಯರ ಕ್ಯಾನ್ಸರ್‌ಗಳ ಪೈಕಿ ಮೊದಲ ಸ್ಥಾನ ಸ್ತನ ಕ್ಯಾನ್ಸರಿನದೇ. ಈಗಾಗಲೇ ಹೆಚ್ಚಿರುವ ಹೊರೆಗೆ ತಡೆಯಬಹುದಾದ ಇನ್ನೊಂದು ಎಳೆಯನ್ನು ಸೇರಿಸುವುದು ವಿವೇಕವಲ್ಲ.

ಪರಿಹಾರ ಸರಳ

ಕಂಡಿಯನ್ನು ಮುಚ್ಚಲು ದೊಡ್ಡ ತಂತ್ರಜ್ಞಾನವೇನೂ ಬೇಕಿಲ್ಲ. ಏಪ್ರನ್‌ಗೆ ಸೀಸದ ಗಿಡ್ಡ ತೋಳನ್ನು ಜೋಡಿಸುವುದು ಒಂದು ದಾರಿ. ಕಂಕುಳ ಭಾಗಕ್ಕೆ ರೆಕ್ಕೆಯಂತಹ ಹೆಚ್ಚುವರಿ ತುಂಡನ್ನು ಸೇರಿಸುವುದು ಇನ್ನೊಂದು. ಬೊಲೆರೊ ಮಾದರಿಯ ಗಿಡ್ಡ ಮೇಲಂಗಿಯನ್ನು ಏಪ್ರನ್ನಿನ ಜತೆ ತೊಡುವುದು ಮತ್ತೊಂದು. ಹೊಸ ಏಪ್ರನ್ ಕೊಳ್ಳುವಾಗ ಮಹಿಳೆಯರ ಅಳತೆಯದನ್ನು ಕೇಳಿ ಪಡೆದರೆ ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ. ತೋಳಿನ ಕಂಡಿ ಮೈಗೆ ಒತ್ತಿಕೊಂಡಿರಬೇಕು, ಕತ್ತಿನ ಭಾಗ ಎದೆಯ ಮೇಲೆ ಜೋತುಬೀಳಬಾರದು, ಕೆಳ ಅಂಚು ಮೊಣಕಾಲಿನವರೆಗೆ ಬರಬೇಕು. ಇದರೊಡನೆ ಥೈರಾಯ್ಡ್ ಗ್ರಂಥಿಗೆ ಕುತ್ತಿಗೆಯ ಪಟ್ಟಿ ಮತ್ತು ಕಣ್ಣಿಗೆ ಸೀಸದ ಗಾಜಿನ ಕನ್ನಡಕ ಇದ್ದರೆ ಕವಚ ಪೂರ್ಣವಾಗುತ್ತದೆ.

ಬ್ಯಾಡ್ಜ್ ಕಾಣದ ಜಾಗ

ವಿಕಿರಣದ ನಡುವೆ ದುಡಿಯುವವರು ಟಿಎಲ್‌ಡಿ ಬ್ಯಾಡ್ಜ್ ಧರಿಸಬೇಕು. ಮೇಲ್ನೋಟಕ್ಕೆ ಗುರುತಿನ ಬಿಲ್ಲೆಯಂತಿರುವ ಇದರೊಳಗಿನ ಸ್ಫಟಿಕದ ಬಿಲ್ಲೆಗಳು ತಾವು ಪಡೆದ ವಿಕಿರಣವನ್ನು ನೆನಪಿಟ್ಟುಕೊಳ್ಳುತ್ತವೆ. ಪ್ರಯೋಗಾಲಯದಲ್ಲಿ ಬಿಸಿಮಾಡಿದಾಗ ಅವು ಸೂಸುವ ಬೆಳಕನ್ನು ಅಳೆದು ಪ್ರಮಾಣವನ್ನು ಲೆಕ್ಕಹಾಕುತ್ತಾರೆ. ಕೈಗಾದ ನೌಕರನಿಗೂ, ಆಸ್ಪತ್ರೆಯ ದಾದಿಗೂ ಈ ವಿಧಾನ ಒಂದೇ.

ನಮ್ಮಲ್ಲಿ ಬ್ಯಾಡ್ಜನ್ನು ಎದೆಯ ಮಟ್ಟದಲ್ಲಿ, ಏಪ್ರನ್ನಿನ ಒಳಗೆ ಧರಿಸುವುದು ಕ್ರಮ. ಇಡೀ ದೇಹ ಪಡೆದ ಪ್ರಮಾಣವನ್ನು ಅಂದಾಜಿಸಲು ಇದು ಸರಿಯಾದ ಜಾಗ. ಆದರೆ ಏಪ್ರನ್ ಮರೆಯಲ್ಲಿರುವ ಬ್ಯಾಡ್ಜ್, ಏಪ್ರನ್ ಮುಚ್ಚದ ಕಂಕುಳಿಗೆ ಬಿದ್ದ ಕಿರಣವನ್ನು ದಾಖಲಿಸಲಾರದು. ಆದ್ದರಿಂದ ವರದಿಯಲ್ಲಿ ಸೊನ್ನೆಯ ಹತ್ತಿರದ ಅಂಕಿ ಬಂದಿತೆಂದು ಕಂಡಿಯ ಬಗ್ಗೆ ನಿಶ್ಚಿಂತರಾಗುವುದು ಸಲ್ಲದು. ಇನ್ನು ಬ್ಯಾಡ್ಜನ್ನು ಕಪಾಟಿನಲ್ಲಿಟ್ಟು ಕೆಲಸಕ್ಕೆ ಹೋಗುವ ಅಭ್ಯಾಸವಂತೂ ಇದಕ್ಕಿಂತ ಕೆಟ್ಟದ್ದು. ಧರಿಸದ ಬ್ಯಾಡ್ಜ್ ಯಾವಾಗಲೂ ಶುಭವಾರ್ತೆಯನ್ನೇ ಹೇಳುತ್ತದೆ.

ಗರ್ಭಿಣಿಯರ ಪ್ರಶ್ನೆ

ಕ್ಷ-ಕಿರಣದ ಕೊಠಡಿಯಲ್ಲಿ ದುಡಿಯುವ ಗರ್ಭಿಣಿಯರನ್ನು ಕಾಡುವುದು ಎರಡು ಅತಿರೇಕಗಳು. ಒಂದು, ಸುದ್ದಿ ತಿಳಿಸಿದರೆ ಕೆಲಸದ ಅವಕಾಶ ಕೈತಪ್ಪೀತೆಂದು ಮುಚ್ಚಿಡುವುದು. ಇನ್ನೊಂದು, ಒಂದು ದಿನ ಕೊಠಡಿಯಲ್ಲಿದ್ದುದಕ್ಕೇ ಮಗುವಿಗೆ ಕೇಡಾಯಿತೆಂದು ನಡುಗುವುದು. ಎರಡೂ ಅನಗತ್ಯ.

ಭ್ರೂಣಕ್ಕೆ ಅಂಗವೈಕಲ್ಯ ಉಂಟುಮಾಡುವ ಪರಿಣಾಮಗಳು ಸಾಮಾನ್ಯವಾಗಿ 100 ಮಿಲಿಗ್ರೇಗಿಂತ ಮೇಲಿನ ಪ್ರಮಾಣದಲ್ಲಿ ಮಾತ್ರ ಕಾಣಿಸಿಕೊಳ್ಳುತ್ತವೆ. ಮಿದುಳು ರೂಪುಗೊಳ್ಳುವ 8ರಿಂದ 15ನೆಯ ವಾರ ಅತ್ಯಂತ ಸೂಕ್ಷ್ಮ ಕಾಲ. ಕ್ಯಾನ್ಸರಿನ ವಿಷಯದಲ್ಲಿ ಇಂತಹ ಸುರಕ್ಷಿತ ಗೆರೆಯಿಲ್ಲವೆಂದು ಭಾವಿಸಿ, ಪ್ರಮಾಣವನ್ನು ಆದಷ್ಟು ಕಡಿಮೆ ಇರಿಸುವುದು ನೀತಿ. ಗರ್ಭ ಧರಿಸಿದುದನ್ನು ತಿಳಿಸಿದ ದಿನದಿಂದ ಹೆರಿಗೆಯವರೆಗೆ ಭ್ರೂಣಕ್ಕೆ 1 ಮಿಲಿಸೀವರ್ಟ್ ಮೀರಬಾರದೆಂದು ನಮ್ಮ ದೇಶದ ಮಿತಿಯಿದೆ. ಜಗತ್ತಿನಲ್ಲಿ ಸರಾಸರಿ ವ್ಯಕ್ತಿಯೊಬ್ಬ ಮಣ್ಣು, ಗಾಳಿ, ಆಕಾಶದಿಂದ ವರ್ಷಕ್ಕೆ ಸಹಜವಾಗಿ ಪಡೆಯುವುದೇ ಸುಮಾರು 2.4 ಮಿಲಿಸೀವರ್ಟ್ ಎಂಬುದನ್ನು ನೆನೆದರೆ ಈ ಮಿತಿ ಎಷ್ಟು ಬಿಗಿಯಾದುದೆಂದು ತಿಳಿಯುತ್ತದೆ. ಸರಿಯಾದ ಏಪ್ರನ್, ತಕ್ಕ ದೂರ, ಹೊಟ್ಟೆಯ ಮಟ್ಟದಲ್ಲಿ ಹೆಚ್ಚುವರಿ ಮಾಪಕ ಇವುಗಳಿದ್ದರೆ ಮಿತಿಯೊಳಗೆ ಇರುವುದು ಸಾಧ್ಯ. ಗರ್ಭಿಣಿಯೆಂಬ ಕಾರಣಕ್ಕೇ ಕೆಲಸದಿಂದ ತೆಗೆಯಬಾರದು, ಬದಲಿಗೆ ಕೆಲಸದ ಕ್ರಮವನ್ನು ಹೊಂದಿಸಿಕೊಡಬೇಕು ಎಂಬುದು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಸುರಕ್ಷತಾ ಮಾನದಂಡಗಳ ಮಾತು. ಹೊಟ್ಟೆ ಬೆಳೆದಂತೆ ಏಪ್ರನ್ನಿನ ಅಳತೆಯೂ ಬದಲಾಗಬೇಕು. ಮುಂದೆ ಬಿರಿದು ನಿಂತ ಏಪ್ರನ್ ಏಪ್ರನ್ನೇ ಅಲ್ಲ.

ನಿಯಮ ಏನಿದೆ?

ಭಾರತದಲ್ಲಿ ವಿಕಿರಣ ಸುರಕ್ಷತೆಯ ಹೊಣೆ 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು. 1962ರ ಪರಮಾಣು ಶಕ್ತಿ ಕಾಯ್ದೆಯಡಿ 2004ರಲ್ಲಿ ವಿಕಿರಣ ರಕ್ಷಣಾ ನಿಯಮಗಳು ಬಂದವು. ಕೈಗಾ ಸ್ಥಾವರಕ್ಕೂ, ತಾಲ್ಲೂಕು ಕೇಂದ್ರದ ಆಸ್ಪತ್ರೆಯ ಸಿ-ಆರ್ಮ್‌ಗೂ ಈ ಮಂಡಳಿಯೇ ನಿಯಂತ್ರಕ. ಮಂಡಳಿಯ 2011ರ ನಿರ್ದೇಶನದ ಪ್ರಕಾರ ವಿಕಿರಣ ಕಾರ್ಮಿಕರ ಪ್ರಮಾಣ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದು. ಯಾವುದೇ ಒಂದು ವರ್ಷದಲ್ಲಿ 30ನ್ನು ದಾಟಬಾರದು. ಅಂತರರಾಷ್ಟ್ರೀಯ ಆಯೋಗ ಒಂದು ವರ್ಷಕ್ಕೆ 50ರವರೆಗೆ ಅವಕಾಶ ಕೊಟ್ಟಿರುವುದರಿಂದ ನಮ್ಮ ಮಿತಿ ಹೆಚ್ಚು ಬಿಗಿ. ವೈದ್ಯಕೀಯ ಕ್ಷ-ಕಿರಣ ಉಪಕರಣಗಳ ಸುರಕ್ಷತೆಗಾಗಿ ಮಂಡಳಿ 2016ರಲ್ಲಿ ಪರಿಷ್ಕೃತ ಸಂಹಿತೆಯನ್ನೂ ಹೊರಡಿಸಿದೆ. ರಕ್ಷಣಾ ಸಾಧನಗಳನ್ನೂ ಬ್ಯಾಡ್ಜನ್ನೂ ಒದಗಿಸುವುದು ಉದ್ಯೋಗದಾತರ ಕರ್ತವ್ಯ. ಅದು ನೌಕರರು ಬೇಡಿ ಪಡೆಯುವ ಉಪಕಾರವಲ್ಲ.

ಗಮನದಲ್ಲಿರಲಿ

* ಏಪ್ರನ್ನಿನ ಮೇಲೆ ಸೀಸದ ಸಮಾನ ದಪ್ಪ ಎಷ್ಟೆಂದು ಬರೆದಿರುತ್ತದೆ. ತೊಡುವ ಮುನ್ನ ಓದಿ.
* ಏಪ್ರನ್ನನ್ನು ಎಂದಿಗೂ ಮಡಚಬೇಡಿ, ಕುರ್ಚಿಯ ಮೇಲೆ ಎಸೆಯಬೇಡಿ. ಒಳಗಿನ ಹಾಳೆ ಬಿರುಕು ಬಿಡುತ್ತದೆ, ಹೊರಗೆ ಕಾಣುವುದಿಲ್ಲ. ಅಗಲವಾದ ಹ್ಯಾಂಗರ್‌ಗೆ ತೂಗುಹಾಕಿ.
* ವರ್ಷಕ್ಕೊಮ್ಮೆಯಾದರೂ ಎಲ್ಲ ಏಪ್ರನ್‌ಗಳನ್ನು ಕ್ಷ-ಕಿರಣ ಯಂತ್ರದಡಿ ಪರೀಕ್ಷಿಸಿ, ಬಿರುಕಿದ್ದರೆ ಬಳಕೆಯಿಂದ ತೆಗೆಯಬೇಕು.
* ಬೆನ್ನು ತೆರೆದ ಏಪ್ರನ್ ತೊಟ್ಟಾಗ ಕಿರಣ ಚಾಲೂ ಇರುವಾಗ ಯಂತ್ರಕ್ಕೆ ಬೆನ್ನು ಮಾಡಬೇಡಿ.
* ಅಡ್ಡ ಚಿತ್ರ ತೆಗೆಯುವಾಗ ಕೊಳವೆಯ ಬದಿಗೆ ನಿಲ್ಲಬೇಡಿ, ಆ ಕ್ಷಣದಲ್ಲಿ ತೋಳನ್ನು ಮೈಗೆ ಒತ್ತಿಕೊಳ್ಳಿ.
* ಕಿರಣ ಹಾಯಿಸುವ ಮುನ್ನ ಗಟ್ಟಿಯಾಗಿ ಹೇಳುವ ರೂಢಿ ಕೊಠಡಿಯಲ್ಲಿರಲಿ. ಅಗತ್ಯವಿಲ್ಲದವರು ಎರಡು ಹೆಜ್ಜೆ ಹಿಂದೆ ಸರಿಯಲು ಅಷ್ಟು ಸಾಕು.
* ಬ್ಯಾಡ್ಜನ್ನು ಏಪ್ರನ್‌ಗೆ ಸಿಕ್ಕಿಸಿಟ್ಟು ಹೋಗಬೇಡಿ. ನಿಮ್ಮ ವರದಿಯನ್ನು ಕೇಳಿ ಪಡೆದು ಓದಿ.

ಕೊನೆಯ ಮಾತು

ಉತ್ತರ ಕನ್ನಡ ಜಿಲ್ಲೆ ಸುಸಜ್ಜಿತ ಆಸ್ಪತ್ರೆಗಾಗಿ ಹಲವು ವರ್ಷಗಳಿಂದ ದನಿಯೆತ್ತುತ್ತಿದೆ. ರಾಜ್ಯದ ಇತರ ಜಿಲ್ಲೆಗಳಲ್ಲಿಯೂ ಹೊಸ ಶಸ್ತ್ರಚಿಕಿತ್ಸಾ ಕೊಠಡಿಗಳು, ಹೊಸ ಸಿ-ಆರ್ಮ್‌ಗಳು ಬರುತ್ತಲೇ ಇರುತ್ತವೆ. ಯಂತ್ರದ ಖರೀದಿಪಟ್ಟಿಯಲ್ಲಿ ಏಪ್ರನ್ ಎಂಬ ಒಂದು ಸಾಲೂ ಇರುತ್ತದೆ. ಅದರ ಪಕ್ಕದಲ್ಲಿ 'ಮಹಿಳೆಯರ ಅಳತೆ, ಕಂಕುಳ ರಕ್ಷಣೆ ಸಹಿತ' ಎಂಬ ನಾಲ್ಕೈದು ಪದಗಳನ್ನು ಸೇರಿಸಲು ಸರ್ಕಾರದ ಹೊಸ ಯೋಜನೆ ಬೇಕಾಗಿಲ್ಲ, ಯಂತ್ರದ ಬೆಲೆಯ ಮುಂದೆ ಅದರ ವೆಚ್ಚವೂ ಅತ್ಯಲ್ಪ. ಇಸಳೂರಿನ ಕೊನೆಗೌಡ ಮೂಳೆ ಕೂಡಿ ಮನೆಗೆ ಮರಳುತ್ತಾನೆ. ಅವನನ್ನು ನಿಲ್ಲಿಸಿದ ಕೈಗಳು ಮರುದಿನ ಮತ್ತೆ ಅದೇ ಮೇಜಿನ ಮುಂದೆ ಅದೇ ಏಪ್ರನ್ ತೊಟ್ಟು ನಿಲ್ಲುತ್ತವೆ. ಆ ಏಪ್ರನ್ ಅವರ ಮೈಗೆ ಹೊಂದುವಂತಿರಬೇಕೆಂಬುದು ಅತಿಯಾದ ಬೇಡಿಕೆಯಲ್ಲ.